ನೀರಾರದ ಕಾಯಿ

ಚನ್ನರಾಯಪಟ್ಟಣದ ಈಶ್ವರಯ್ಯನವರ ಕೊಬ್ಬರಿ ಗೋಡೌನಿನಲ್ಲಿ ಕಾಯಿ ಅಲ್ಲಾಡಿಸಿ ನೋಡೋ ಹೆಂಗಸರು ಹನ್ನೊಂದು ಜನ. ಅಲ್ಲಾಡಿಸದೆ ನೋಡೋಳು ಒಬ್ಬಳೇ, ಯಮುನಾ.

ಉಂಡೆ ಕೊಬ್ಬರಿ ಸುಮ್ಮನೆ ಆಗೋದಲ್ಲ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರನ್ನು ಕಾಯಿ ತಾನೇ ಕುಡಿದು ಮುಗಿಸಿ, ತಿರುಳು ಚಿಪ್ಪು ಬಿಟ್ಟು, ಉಂಡೆಯಾಗಿ ಒಳಗೇ ಗಡಗಡ ಉರುಳಬೇಕು. ಅವಸರದವರು ಅಟ್ಟದ ಕೆಳಗೆ ಹೊಗೆ ಹಾಕಿಸುತ್ತಾರೆ. ಬೇಗ ಒಣಗುತ್ತೆ ನಿಜ, ಆದರೆ ಕೊಬ್ಬರಿ ಕಪ್ಪಗಾಗಿ ಗಂಟಲು ಕೆರೆಯುತ್ತೆ. ಈಶ್ವರಯ್ಯನವರ ಅಟ್ಟದ ಕೆಳಗೆ ಅರವತ್ತು ವರ್ಷದಲ್ಲಿ ಬೀಡಿ ಹೊಗೆ ಕೂಡ ಆಡಿಲ್ಲ ಅನ್ನೋದು ಸಂತೆಗೆಲ್ಲ ಗೊತ್ತಿದ್ದ ಮಾತು.

ಯಮುನಾ ಅಟ್ಟಕ್ಕೆ ಹತ್ತಿದಳೆಂದರೆ ಮಲಗಿದ ಮಕ್ಕಳ ತಲೆ ಸವರಿದ ಹಾಗೆ ಅಂಗೈ ಆಡಿಸಿಕೊಂಡು ಹೋಗೋಳು. "ಇದು ಆಗೈತೆ. ಇದುಕ್ಕಿನ್ನೂ ತಿಂಗ್ಳು ಬೇಕು. ಇದು ಮೊಳ್ಕೆ ಬುಡ್ತಾ ಐತೆ, ತಗ್ದಾಕು." ಒಡೆದು ನೋಡಿದರೆ ಹೇಳಿದ್ದು ಹೇಳಿದ ಹಾಗೆ.

"ನಿನ್ನ ಅಂಗೈಯೊಳ್ಗೆ ಎಕ್ಸ್‌ರೇ ಮಿಷನ್ ಮಡ್ಗವ್ರೆ ಕಣೇ" ಅನ್ನೋಳು ಜೊತೆಯ ಪುಟ್ಟತಾಯಮ್ಮ. "ಕರೆಂಟ್ ಬಿಲ್ಲು ಯಾರ್ ಕಟ್ತಾರೆ, ನಿನ್ ಗಂಡನಾ?"

ಆ ಕೈ ಬರೀ ಕಾಯಿಗೆ ಮಾತ್ರ ಅಲ್ಲ ಅನ್ನೋದನ್ನ ಯಮುನಾ ಅಲ್ಲಿ ಯಾರಿಗೂ ಹೇಳಿರಲಿಲ್ಲ. ಮನುಷ್ಯರ ಕೈ ಹಿಡಿದರೂ ಅವಳಿಗೆ ಹಾಗೇ ತಿಳಿಯೋದು: ಒಳಗೆ ನೀರೆಷ್ಟು, ಏರಿದೆಯೋ ಇಳಿದಿದೆಯೋ. ಮಲ್ಲಿಪಟ್ಟಣದ ಅಜ್ಜಿ ಕಲ್ಲಮ್ಮನಿಂದ ಬಂದದ್ದು. ಓದು ಬರಹ ಇಲ್ಲದ ಆ ಮುದುಕಿ ಕೈ ಹಿಡಿದು ಹೇಳಿದರೆ ಅರಕಲಗೂಡು ತಾಲ್ಲೂಕಿನ ದೊಡ್ಡ ದೊಡ್ಡ ಮನೆಯವರು ಕೂಡ ಎದ್ದು ನಿಂತು ಕೇಳೋರು. ಮೊಮ್ಮಗಳಿಗೆ ಅಜ್ಜಿ ಕಲಿಸಿದ್ದು ಒಂದೇ ಕಟ್ಟಳೆ. "ಕೇಳ್ದೋರ್ಗೆ ಇದ್ದುದ್ ಇದ್ದಂಗೆ ಏಳು ಮಗಾ. ಇಲ್ಲುದ್ದ ಏಳ್ಬ್ಯಾಡ. ಇಷ್ಟೇ ವರ್ಸ, ಇಷ್ಟೇ ದಿನ ಅಂತ ಎಣ್ಸಿ ಮಾತ್ರ ಏಳ್ಲೇಬ್ಯಾಡ. ಲೆಕ್ಕ ಸಿಕ್ಕುದ್ ಮನ್ಸ ಬದುಕಾಕಿಲ್ಲ, ಕಾಯ್ತಾ ಕುಂತ್ಕತಾನೆ."

ಈಶ್ವರಯ್ಯನವರಿಗೆ ಮಾತ್ರ ಇದು ಗೊತ್ತಿತ್ತು. ಅವರ ತಂದೆಯ ಕೈಯನ್ನು ಕಲ್ಲಮ್ಮ ಹಿಡಿದು, "ಮಗಳ ಮದ್ವೆ ಮುಂದ್ಕಾಕ್ಬ್ಯಾಡ್ರಿ ಸಾವ್ಕಾರ್ರೆ" ಅಂದಿದ್ದಳಂತೆ. ಮದುವೆ ಆ ತಿಂಗಳೇ ಮಾಡಿದರು. ಚಪ್ಪರ ಬಿಚ್ಚಿದ ಎಂಟನೇ ದಿನಕ್ಕೆ ಆ ಹಿರಿಯರು ಹೋದರು, ಆದರೆ ಮಗಳಿಗೆ ಧಾರೆ ಎರೆದೇ ಹೋದರು. ಅವತ್ತು ಈಶ್ವರಯ್ಯನವರಿಗೆ ಇಪ್ಪತ್ತು ವರ್ಷ. ಈಗ ಎಂಬತ್ತೊಂದು.

ಒಂದು ಬುಧವಾರ ಬೆಳಿಗ್ಗೆ ಗೋಡೌನಿನ ಮುಂದೆ ಬಿಳಿ ಕಾರು ನಿಂತಿತು. ಡ್ರೈವರ್ ಲಕ್ಕಯ್ಯ ಬಾಗಿಲು ತೆಗೆದ. ಇಳಿದವನು ಪರಮೇಶ್, ಈಶ್ವರಯ್ಯನವರ ತಂಗಿಯ ಮಗ. ಹೊಳೆನರಸೀಪುರದಲ್ಲಿ ಹೊಳೆ ಪಕ್ಕ ಇರೋ ಮಾವನ ಮನೆಯಲ್ಲಿ ಈಗ ಅವನದೇ ಕಾರುಬಾರು.

"ಯಮುನಾ ಯಾರು? ಯಜಮಾನ್ರು ಕರೀತಿದಾರೆ. ಹತ್ತಿ."

ಪುಟ್ಟತಾಯಮ್ಮ ಸೆರಗಿನ ಮರೆಯಲ್ಲಿ ಅಂದಳು, "ಓಗ್ಬುಟ್ ಬಾ. ಕಾರಲ್ಲಿ ಏಸಿ ಐತಂತೆ, ನೆಗಡಿ ಬಂದಾತು."

ದಾರಿಯಲ್ಲಿ ಪರಮೇಶ್ ತಾನಾಗೇ ಮಾತು ತೆಗೆದ. ಏಳು ತಿಂಗಳಿಂದ ಮಾವನಿಗೆ ಚಿಕಿತ್ಸೆ ನಡೀತಿದೆ. ವಯಸ್ಸಿನ ಹುಡುಗರ ರಕ್ತ, ವಾರಕ್ಕೊಂದು ಚೀಲ. ಮನೆಯಲ್ಲೇ ಕೋಣೆ ಮಾಡಿದ್ದಾರೆ, ಹೊರಗಿನಿಂದ ತರಿಸಿದ ಮಿಷನ್ ಇದೆ. ಮಾವನ ವಯಸ್ಸು ಹದಿನಾಲ್ಕು ವರ್ಷ ಹಿಂದಕ್ಕೆ ಹೋಗಿದೆ ಅಂತ ಮಿಷನ್ ಹೇಳ್ತಿದೆ. ಹೀಗೇ ಮುಂದುವರಿಸಿದರೆ ಸಾವೇ ಇಲ್ಲ.

"ಸಾವೇ ಇಲ್ವಾ ಸಾ?"

"ಇಲ್ಲ. ಸಾಯದೋರಿಗೆ ವಾರಸುದಾರರು ಯಾಕೆ ಹೇಳು? ಆಸ್ತಿ ಎಲ್ಲ ಟ್ರಸ್ಟಿಗೆ ಬರೆದು ಚಿಕಿತ್ಸೆ ದೊಡ್ಡದಾಗಿ ಮಾಡೋಣ ಅಂತ ಕಾಗದ ರೆಡಿ ಮಾಡ್ಸಿದೀನಿ. ಇವತ್ತು ಸಹಿ. ಆದ್ರೆ ಮುದುಕರದ್ದೊಂದು ಹಟ. ಮಿಷನ್ ಹೇಳಿದ್ರೆ ಸಾಲದಂತೆ, ಕಲ್ಲಮ್ಮನ ಮೊಮ್ಮಗಳು ಕೈ ಹಿಡಿದು ಹೇಳ್ಬೇಕಂತೆ." ಅವನು ತಿರುಗಿ ನೋಡಿದ. "ನೀರು ಏರಿದೆ ಅಂದ್ಬಿಡು. ಅಷ್ಟೇ ನಿನ್ನ ಕೆಲಸ. ಹಾಸನದಲ್ಲಿ ನಿನ್ನ ಹೆಸರಿಗೊಂದು ಸೈಟು."

"ಏರಿದ್ರೆ ಏರೈತೆ ಅಂತೀನಿ ಸಾ. ಅದುಕ್ಕೆ ಸೈಟ್ಯಾಕೆ?"

"ಏರದೇ ಇದ್ರೂ ಅನ್ನು ಅಂತ ಸೈಟು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಕೆಯ ವಿಷಯ. "ಇಲ್ಲ ಅಂದ್ರೂ ಸಹಿ ನಾನು ಮಾಡಿಸ್ಕೋತೀನಿ, ಗೋಡೌನ್ ನಾಳೆಯಿಂದ ನಂದು. ನಿನಗೆ ಅಲ್ಲಿ ಕೆಲಸ ಇರಲ್ಲ. ನಿನ್ನ ಜೊತೆ ಇರೋ ಹನ್ನೊಂದು ಜನಕ್ಕೂ ಇರಲ್ಲ. ಕಾಯಿ ನೋಡೋಕೂ ಮಿಷನ್ ಬಂದಿದೆ."

ಹಿಂದಿನ ಸೀಟಿನಲ್ಲಿ ಯಮುನಾ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕನ್ನಡಿಯಲ್ಲಿ ಲಕ್ಕಯ್ಯ ಒಂದು ಸಲ ಅವಳ ಕಡೆ ನೋಡಿ ರಸ್ತೆಗೆ ಕಣ್ಣು ಹಾಕಿದ.

ಮನೆಯ ಗೇಟು ದಾಟಿದ ಮೇಲೆ ಅದಕ್ಕೆ ಬೀಗ ಬಿತ್ತು. ಬಾಗಿಲಲ್ಲಿ ಅವಳ ಫೋನು ಇಸಿದುಕೊಂಡು ಡಬ್ಬಿಗೆ ಹಾಕಿದರು. ಒಳಗೆ ಫಿನಾಯಿಲ್ ವಾಸನೆ. ಪಡಸಾಲೆಯಲ್ಲಿ ಕೂರಿಸಿ, ಮಾವ ಪೂಜೆಯಲ್ಲಿದ್ದಾರೆ ಎಂದು ಪರಮೇಶ್ ಒಳಗೆ ಹೋದ.

ನೀರು ತಂದುಕೊಟ್ಟವಳು ನಿಧಿ, ಈಶ್ವರಯ್ಯನವರ ಮೊಮ್ಮಗಳು. ಅಪ್ಪ ಅಮ್ಮ ಚಿಕ್ಕಂದಿನಲ್ಲೇ ಹೋಗಿ ತಾತನ ಕೈಯಲ್ಲೇ ಬೆಳೆದ ಹುಡುಗಿ, ಹತ್ತೊಂಬತ್ತು ವರ್ಷ. ಕಾರ್ತಿಕದ ಹೊತ್ತಿಗೆ ತಾತನ ಜೊತೆ ಗೋಡೌನಿಗೆ ಬಂದು ಅಟ್ಟದ ಮೇಲೆಲ್ಲ ಕುಣಿದಾಡುತ್ತಿದ್ದವಳು. ಲೋಟ ಇಸಿದುಕೊಳ್ಳುವಾಗ ಬೆರಳು ತಾಗಿತು. ಯಮುನಾ ಲೋಟ ಕೆಳಗಿಟ್ಟಳು.

ಬಾವಿ ತುಂಬಿದೆ ಅಂದುಕೊಂಡು ಬಿಂದಿಗೆ ಬಿಟ್ಟರೆ ತಳದ ಕಲ್ಲಿಗೆ ಹೊಡೆದ ಹಾಗೆ.

"ಯವ್ವಾ, ಕೂತ್ಕೊ ಇಲ್ಲಿ. ಏನಾಗೈತೆ ನಿಂಗೆ?"

"ಏನಿಲ್ಲ ಯಮುನಕ್ಕ, ಸ್ವಲ್ಪ ಸುಸ್ತು" ಅಂದಳು ನಿಧಿ. ಆ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ತೊಟ್ಟಿದ್ದಳು. ಯಮುನಾ ಕೇಳಲಿಲ್ಲ, ತೋಳು ಮೇಲೆ ಸರಿಸಿದಳು. ಮೊಣಕೈ ಒಳಗೆ ಹಸಿರು ನೀಲಿ ಕಲೆ, ಸೂಜಿ ಚುಚ್ಚಿದ ಗುರುತು ಒಂದರ ಪಕ್ಕ ಒಂದು.

"ತಾತನಿಗೆ ಹೇಳ್ಬೇಡಿ" ಹುಡುಗಿ ಪಿಸುಗುಟ್ಟಿದಳು. "ಯಾರೋ ಕಾಲೇಜ್ ಹುಡುಗರು ದುಡ್ಡಿಗೆ ಕೊಡ್ತಾರೆ ಅಂತ ತಾತ ಅಂದ್ಕೊಂಡಿದಾರೆ. ಹೊರಗಿನೋರದ್ದು ಒಗ್ಗಲಿಲ್ವಂತೆ. ಸ್ವಂತ ಮನೆತನದ್ದೇ ಬೇಕು, ನಿಲ್ಲಿಸಿದ್ರೆ ತಾತ ಉಳಿಯಲ್ಲ ಅಂದ್ರು ಪರಮೇಶ್ ಮಾವ. ಎರಡು ತಿಂಗಳಿಂದ ನಂದೇ ತೆಗೀತಿದಾರೆ. ನಂಗೆ ಇನ್ಯಾರಿದಾರೆ ಹೇಳಿ? ಇವತ್ತು ಸಂಜೆಗೂ ಒಂದು ಚೀಲ ಇದೆ."

ಇವತ್ತು ಸಂಜೆಗೆ. ಇನ್ನೊಂದು ಚೀಲ ತೆಗೆದರೆ ಈ ಬಾವಿಗೆ ಮತ್ತೆ ನೀರು ಬರೋದಿಲ್ಲ ಅಂತ ಯಮುನಾಳ ಅಂಗೈ ಹೇಳಿತು. ಸೈಟಿನ ಮಾತು, ಕೆಲಸದ ಮಾತು, ಎಲ್ಲ ಎಲ್ಲೋ ಹೋಯಿತು. ಈ ಹುಡುಗಿಯನ್ನು ಸಂಜೆಯೊಳಗೆ ಈ ಗೇಟಿನಿಂದ ಆಚೆ ದಾಟಿಸಬೇಕು. ಗೇಟಿಗೆ ಬೀಗ, ಫೋನು ಡಬ್ಬಿಯಲ್ಲಿ. ಆ ಮನೆಯಲ್ಲಿ ಪರಮೇಶನನ್ನು ತಡೆಯಬಲ್ಲವರು ಒಬ್ಬರೇ, ಅವರೋ ಸಾವೇ ಇಲ್ಲ ಅಂತ ನಂಬಿಕೊಂಡು ಕೂತಿದ್ದರು.

ಈಶ್ವರಯ್ಯ ಹಣೆ ತುಂಬ ವಿಭೂತಿ ಧರಿಸಿ ಬಂದರು. ಕೂದಲಿಗೆ ಕಪ್ಪು ಬಣ್ಣ ಹಚ್ಚಿದ್ದರು. ನಡಿಗೆಯಲ್ಲಿ ಠೀವಿ ಇತ್ತು.

"ಬಾ ತಾಯಿ. ಹೆಂಗಿದೆ ನಮ್ಮ ಅಟ್ಟ?"

"ಚೆನ್ನಾಗೈತೆ ಯಜಮಾನ್ರೆ. ಬಡಗಣ ಕಡೇದು ಮಾಗಿ ತಿಂಗ್ಳಿಗೆ ಇಳೀತದೆ."

"ಹೊಗೆ ಗಿಗೆ ಹಾಕಿಲ್ಲ ತಾನೆ?" ಅಂದು ತಾವೇ ನಕ್ಕರು. ಆಮೇಲೆ ಬಲಗೈ ಚಾಚಿದರು. "ನೋಡು. ನಿಮ್ಮಜ್ಜಿ ನಮ್ಮಪ್ಪನ ಕೈ ನೋಡಿದ ಹಾಗೆ ನೋಡು."

ಯಮುನಾ ಎರಡೂ ಅಂಗೈ ನಡುವೆ ಆ ಕೈ ಹಿಡಿದಳು. ಎಂಬತ್ತೊಂದರ ಕೈ. ತಳದಲ್ಲಿ ತಿಳಿಯಾಗಿ ನಿಂತ ಸ್ವಲ್ಪ ನೀರು, ಇರಬೇಕಾದಷ್ಟೇ. ಮೇಲೆ ಸುರಿದದ್ದು ಯಾವುದೂ ಒಳಗೆ ಸೇರಿರಲಿಲ್ಲ.

ಪರಮೇಶ್ ಬಾಗಿಲಿಗೆ ಒರಗಿ ಅವಳನ್ನೇ ನೋಡುತ್ತಿದ್ದ. ಕೈಯಲ್ಲಿ ಕಾಗದದ ಕಟ್ಟು.

"ಏರಿಲ್ಲ ಯಜಮಾನ್ರೆ" ಅಂದಳು ಯಮುನಾ. "ಒಂದ್ ತೊಟ್ಟೂ ಏರಿಲ್ಲ."

ಈಶ್ವರಯ್ಯನವರ ಮುಖ ಬಿಗಿಯಿತು. ಪರಮೇಶ್ ಮಾತ್ರ ಇದಕ್ಕೇ ಕಾದಿದ್ದವನ ಹಾಗೆ ನಕ್ಕ.

"ನಾನು ಮೊದಲೇ ಹೇಳಿದೆ ಮಾವ. ಅಜ್ಜಿಗಿತ್ತೇನೋ, ಇವಳಿಗೆಲ್ಲಿ? ಗೋಡೌನಲ್ಲಿ ನಡೆಯೋದೆಲ್ಲ ತೂಕದ ಆಟ, ಬಣ್ಣದ ಆಟ. ನೀವೇ ಪರೀಕ್ಷೆ ಇಡೋಣ ಅಂದಿದ್ರಲ್ಲ, ಮೂರು ದಿನದ ಹಿಂದೇನೇ ತರಿಸಿಟ್ಟಿದೀನಿ."

"ಇಡು" ಅಂದರು ಈಶ್ವರಯ್ಯ. ಮನಸ್ಸಿಗೆ ನೋವಾಗಿದ್ದರೂ ಅವರು ವ್ಯಾಪಾರಸ್ಥರು. "ಬೇಜಾರು ಮಾಡ್ಕೋಬೇಡ ತಾಯಿ. ಮಾದರಿ ನೋಡದೆ ನಾನು ಯಾರ ಮಾಲೂ ಕೊಂಡೋನಲ್ಲ."

"ಬೇಜಾರ್ಯಾಕೆ" ಅಂದಳು ಯಮುನಾ. ಬೆನ್ನು ನೆಟ್ಟಗಾಯಿತು. "ಕಲ್ಲಮ್ಮನ ಕೈ ಇದು. ಎಲ್ ಬೇಕಾರೂ ಒರೆಗಚ್ರಿ."

ಮೇಜಿನ ಮೇಲೆ ಹತ್ತು ಕಾಯಿ ಸಾಲಾಗಿ ಬಂದವು, ಎಲ್ಲವೂ ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗಿದ ಹಳೆಯವು. ಎತ್ತುವ ಹಾಗಿಲ್ಲ, ಅಲ್ಲಾಡಿಸುವ ಹಾಗಿಲ್ಲ, ಮುಟ್ಟಬಹುದು ಅಷ್ಟೇ. ಒಂದೊಂದಕ್ಕೂ ಹೇಳಬೇಕು, ಹೇಳಿದ ಮೇಲೆ ಒಡೆಯೋದು. ಮಚ್ಚನ್ನು ಈಶ್ವರಯ್ಯ ಯಾರಿಗೂ ಕೊಡಲಿಲ್ಲ, ತಾವೇ ಹಿಡಿದರು. ನಿಧಿ ಗೋಡೆಗೆ ಒರಗಿ ನಿಂತಿದ್ದಳು. ಅವಳ ತುಟಿ ಬಿಳಿಚಿದ್ದನ್ನು ಯಮುನಾ ಓರೆಗಣ್ಣಲ್ಲೇ ನೋಡಿದಳು.

ಮೊದಲನೇದು. "ಆಗೈತೆ." ಒಡೆದರು, ಉಂಡೆ ಕೊಬ್ಬರಿ ಮೇಜಿನ ಮೇಲೆ ಉರುಳಿತು. ಎರಡನೇದು. "ಒಂದ್ ಗುಟುಕು ಐತೆ." ಒಂದು ಗುಟುಕೇ ಇತ್ತು. ಮೂರು, ನಾಲ್ಕು, ಐದು. ಆರನೇದಕ್ಕೆ "ಇದ್ರೊಳ್ಗೆ ಹೂವ ಕಟ್ಟೈತೆ" ಅಂದಳು. ಮೊಳಕೆಯ ಬಿಳಿ ಹೂವು ಮುದ್ದೆಯಾಗಿ ಹೊರಬಂತು. ಈಶ್ವರಯ್ಯನವರ ಕಣ್ಣು ಅರಳಿತು. ಮೇಜಿನ ಮೇಲೆ ಬಗ್ಗಿ ನಿಂತ ಆ ಮುದುಕರು ಅಂಗಡಿಗೆ ಹೊಸದಾಗಿ ಕೂತ ಇಪ್ಪತ್ತರ ಹುಡುಗನ ಹಾಗೆ ಕಂಡರು.

ಒಂಬತ್ತನೇದರ ಮೇಲೆ ಯಮುನಾಳ ಕೈ ನಿಂತಿತು.

ಕಾಯಿ ಆಗಿ ಎಷ್ಟೋ ದಿನ ಆಗಿದೆ, ಉಂಡೆ ಬಿಟ್ಟಿದೆ, ಅಷ್ಟು ಸ್ಪಷ್ಟ. ಆದರೆ ಒಳಗೆ ಏನೋ ತುಳುಕುತ್ತಿದೆ. ಕಾಯಿ ಅದನ್ನು ತನ್ನದು ಅನ್ನುತ್ತಿಲ್ಲ. ಇಂಥದ್ದು ಅವಳ ಕೈಗೆ ಹದಿನೆಂಟು ವರ್ಷದ ಕೆಲಸದಲ್ಲಿ ಬಂದಿರಲಿಲ್ಲ. ಬಂದಿರಲಿಲ್ಲ ಅಂತ ಅಂದುಕೊಂಡಳು, ಕೂಡಲೇ ಹೊಳೆಯಿತು. ಬಂದಿತ್ತು. ಒಂದು ಗಳಿಗೆಯ ಹಿಂದೆ, ಯಜಮಾನರ ಕೈಯಲ್ಲಿ.

"ಯಾಕೆ, ಮಿಷನ್ ನಿಂತು ಹೋಯ್ತಾ?" ಅಂದ ಪರಮೇಶ್. "ಒಣಗಿದೆಯೋ ನೀರಿದೆಯೋ? ಎರಡರಲ್ಲಿ ಒಂದು ಹೇಳು."

"ಒಣಗೈತೆ. ನೀರೂ ಐತೆ."

"ನೋಡಿ ಮಾವ" ಅಂತ ಅವನು ಕೈ ತಟ್ಟಿದ.

"ತಡೀರಿ ಸಾ, ಮುಗಿದಿಲ್ಲ." ಯಮುನಾ ಅವನ ಕಡೆ ತಿರುಗಲೂ ಇಲ್ಲ. "ಯಜಮಾನ್ರೆ, ಈ ಕಾಯಿ ತನ್ ನೀರ್ನ ತಾನೇ ಕುಡ್ದು, ಕೊಬ್ರಿ ಆಗಿ, ಕೆಲ್ಸ ಮುಗ್ಸಿತ್ತು. ಈಗ ಒಳ್ಗಿರೋ ನೀರು ಇದ್ರದ್ದಲ್ಲ. ಆಚೆಯಿಂದ ಯಾರೋ ಉಯ್ದವ್ರೆ. ಒಡೀರಿ, ನಿಮ್ಗೇ ಗೊತ್ತಾಯ್ತದೆ. ಮೂಗು ಮಾತ್ರ ಬಿಗಿ ಹಿಡ್ಕಳಿ."

ಈಶ್ವರಯ್ಯ ಕಾಯಿ ಎತ್ತಿ ತೊಟ್ಟಿನ ಕಡೆ ತಿರುಗಿಸಿದರು. ತೊಟ್ಟು ಉಗುರಿಗೇ ಕಿತ್ತು ಬಂತು. ಕೆಳಗೆ ಮೇಣದ ಚುಕ್ಕೆ. ಅವರು ಮಚ್ಚು ಎತ್ತಿ ಹೊಡೆದರು.

ಬಂದ ನಾತಕ್ಕೆ ನಿಧಿ ಮುಖ ಮುಚ್ಚಿಕೊಂಡಳು. ಬೆಳ್ಳಗೆ ಘಮ್ಮೆನ್ನಬೇಕಾಗಿದ್ದ ಉಂಡೆ ಲೋಳೆಯಾಗಿ, ಹಸಿರು ಹಿಡಿದು, ಬೆರಳಿಟ್ಟಲ್ಲಿ ಕುಸಿಯಿತು. ಕೊಬ್ಬರಿಯಲ್ಲೇ ಹುಟ್ಟಿ ಬೆಳೆದ ಆ ಮನುಷ್ಯರು ಅದನ್ನು ಕೆಟ್ಟು ಹೋದ ಮಗುವನ್ನು ನೋಡಿದ ಹಾಗೆ ನೋಡಿದರು.

"ಒಣಗಿದ ಕಾಯಿಗೆ ಸೂಜಿ ಹಾಕಿ ನೀರು ತುಂಬ್ಸಿದೀಯಾ" ಅಂದರು ಪರಮೇಶನಿಗೆ. ದನಿ ಏರಲಿಲ್ಲ. "ಒಳ್ಳೆ ಉಂಡೆ ಕೊಬ್ಬರಿಗೆ."

"ಪರೀಕ್ಷೆ ಅಲ್ವಾ ಮಾವ. ಒಂದು ಕಾಯಿ ಹೋದ್ರೆ ಏನೀಗ?"

ಕೊಬ್ಬರಿ ವ್ಯಾಪಾರದ ಮನೆಯಲ್ಲಿದ್ದುಕೊಂಡೂ ಅಟ್ಟಕ್ಕೆ ಒಂದು ದಿನ ಹತ್ತದವನು ಮಾತ್ರ ಆಡಬಹುದಾದ ಮಾತು ಅದು. ಒಣ ಕೊಬ್ಬರಿಗೆ ನೀರು ತಾಗಿದರೆ ಮೂರು ದಿನಕ್ಕೆ ಏನಾಗುತ್ತೆ ಅಂತ ಗೋಡೌನಿನ ಬೆಕ್ಕಿಗೂ ಗೊತ್ತು. ಪರಮೇಶನಿಗೆ ಗೊತ್ತಿರಲಿಲ್ಲ.

ಯಮುನಾ ಮೆಲ್ಲಗೆ ಅಂದಳು, "ಆಗಿರೋ ಕಾಯಿಗೆ ಬ್ಯಾರೆ ನೀರುಯ್ದ್ರೆ ಎಳೇದಾಯ್ತದಾ ಯಜಮಾನ್ರೆ? ಕೊಳೀತದೆ. ನೀರಾರದೇ ಇರ್ಲಿ ಅಂತ ನೀವು ಯಾವತ್ತಾರ ಆಸೆ ಪಟ್ಟಿದ್ರಾ? ಒಣ್ಗಿ ಉಂಡೆ ಆದ್ದಕ್ಕೇ ಅಲ್ವಾ ನಮ್ ಕೊಬ್ರಿಗೆ ದೇಶ್ದಲ್ಲೆಲ್ಲಾ ಬೆಲೆ?"

ಈಶ್ವರಯ್ಯ ತಮ್ಮ ಅಂಗಿಯ ತೋಳು ನೋಡಿಕೊಂಡರು. ಮೊಣಕೈ ಒಳಗೆ ಅಂಟಿಸಿದ ಬಿಳಿ ಪಟ್ಟಿ. ಆಮೇಲೆ ಕೇಳಿದರು, "ಉಯ್ದ ನೀರು ಯಾರದ್ದು?"

ಪರಮೇಶ್ ಬಾಯಿ ತೆರೆಯುವ ಮೊದಲೇ ಯಮುನಾ ನಿಧಿಯ ಪಕ್ಕ ಹೋಗಿ ನಿಂತಳು. "ತೋರ್ಸವ್ವಾ. ತಾತ ಕೇಳ್ತಾವ್ರೆ."

ಹುಡುಗಿ ತಲೆ ಅಲ್ಲಾಡಿಸಿದಳು. ಕಣ್ಣಲ್ಲಿ ನೀರು ತುಂಬಿತು, ಕಾಲು ಸೋತಿತು. ಬೀಳುವ ಮೊದಲೇ ಯಮುನಾ ಹಿಡಿದುಕೊಂಡಳು. ಅಂಗಿಯ ತೋಳು ತಾನಾಗೇ ಸರಿಯಿತು.

ಈಶ್ವರಯ್ಯ ನೋಡಿದರು. ಸೂಜಿ ಗುರುತು ಒಂದೊಂದನ್ನೂ ನೋಡಿದರು. ಅವರ ಕೈಯಲ್ಲಿ ಮಚ್ಚು ಹಾಗೇ ಇತ್ತು.

"ಅವಳಾಗೇ ಒಪ್ಪಿದ್ದು ಮಾವ" ಅಂತ ಪರಮೇಶ್ ಬಾಗಿಲಿಗೆ ಅಡ್ಡ ನಿಂತ. "ಈಗ ನಿಲ್ಲಿಸಿದ್ರೆ ನೀವು ಆರು ತಿಂಗಳೂ ಇರಲ್ಲ. ಯೋಚನೆ ಮಾಡಿ. ಇವರಿಬ್ಬರನ್ನೂ ಆಚೆ ಬಿಟ್ರೆ ನೀವು ಸತ್ತ ಹಾಗೇನೇ. ಗೇಟಿನ ಕೀ ನನ್ನ ಹತ್ರ ಇದೆ."

"ಅರವತ್ತು ವರ್ಷ" ಅಂದರು ಈಶ್ವರಯ್ಯ, "ನನ್ನ ಅಟ್ಟದ ಕೆಳಗೆ ನಾನು ಒಂದು ಕಾಯಿಗೆ ಹೊಗೆ ಹಾಕ್ಸಲಿಲ್ಲ. ಬೇರೆಯೋರು ಮಹಡಿ ಕಟ್ಟಿದ್ರು, ನಾನು ಹತ್ತು ತಿಂಗಳು ಕಾದೆ. ಆ ಹೆಸರು ಇಟ್ಕೊಂಡು, ನಮ್ಮ ಮನೆ ಎಳೆ ಕಾಯಿನ ಹಿಂಡಿ ಕುಡಿದು ಬದುಕಿದೆ ಅನ್ನಿಸ್ಕೊಳ್ಲೇನೋ ನಾನು?" ಅವರು ಒಂದು ಹೆಜ್ಜೆ ಮುಂದಿಟ್ಟರು. ಮಚ್ಚು ಎತ್ತಲಿಲ್ಲ. ಎತ್ತಬೇಕಾಗೂ ಇರಲಿಲ್ಲ. "ದಾರಿ ಬಿಡು ಪರಮೇಶ."

ಅವನು ಬಿಡಲಿಲ್ಲ. ಆಗ ಯಮುನಾ ನಿಧಿಯನ್ನು ಹೆಗಲ ಮೇಲೆ ಹಾಕಿಕೊಂಡಳು. ದಿನಾ ಕಾಯಿ ಮೂಟೆ ಹೊತ್ತ ಹೆಗಲು, ಹುಡುಗಿ ಹೂವಿನ ಬುಟ್ಟಿಯಷ್ಟೂ ಭಾರ ಅನ್ನಿಸಲಿಲ್ಲ. ನೆಟ್ಟಗೆ ಅವನ ಮೇಲೇ ನಡೆದಳು. "ಸರೀರಿ ಸಾ. ಮೂಟೆ ಹೊತ್ತೋರ್ಗೆ ಎದ್ರು ನಿಂತ್ರೆ ಬೀಳೋದು ಎದ್ರು ನಿಂತೋರೇ." ಅವಳ ಹಿಂದೆ ಮುದುಕರು, ಕೈಯಲ್ಲಿ ಮಚ್ಚು. ಪರಮೇಶ್ ಸರಿದ.

ಅಂಗಳದಲ್ಲಿ ಗೇಟು ಆಗಲೇ ತೆರೆದಿತ್ತು. ಲಕ್ಕಯ್ಯ ಕಾರು ಸ್ಟಾರ್ಟ್ ಮಾಡಿಕೊಂಡು ನಿಂತಿದ್ದ. ಬೀಗ ಚಿಲಕದ ಸಮೇತ ನೆಲದ ಮೇಲೆ ಬಿದ್ದಿತ್ತು, ಪಕ್ಕದಲ್ಲಿ ಕಾರಿನ ಜಾಕಿ ರಾಡು. "ನಾನೂ ಎಣ್ಮಕ್ಳು ಮಡ್ಗಿರೋನು ಯಜಮಾನ್ರೆ" ಅಂದ, ಯಾರೂ ಕೇಳದೆಯೇ. "ಎಲ್ಡ್ ತಿಂಗ್ಳಿಂದ ಬಾಯಿ ಮುಚ್ಕಂಡಿದ್ದೆ. ತೆಪ್ಪಾಯ್ತು."

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ರಕ್ತ ಅರ್ಧಕ್ಕಿಂತ ಕೆಳಗಿಳಿದಿದೆ, ಇನ್ನೊಂದು ಸಲ ತೆಗೆದಿದ್ದರೆ ಕಷ್ಟ ಇತ್ತು ಅಂದರು. ಪೊಲೀಸರು ಹೊಳೆನರಸೀಪುರದ ಮನೆಗೆ ಹೋಗುವಷ್ಟರಲ್ಲಿ ಪರಮೇಶ್ ಇರಲಿಲ್ಲ. ನಾಲ್ಕನೇ ದಿನಕ್ಕೆ ಸಿಕ್ಕಿದ. ಮಿಷನ್ ಬಿಚ್ಚಿ ನೋಡಿದರೆ, ಯಾರ ಕೈ ಇಟ್ಟರೂ ಹದಿನಾಲ್ಕು ವರ್ಷ ಕಮ್ಮಿ ತೋರಿಸೋ ಹಾಗೆ ಮಾಡಿಸಿದ್ದನಂತೆ.

ನಿಧಿಯನ್ನು ಸೇರಿಸಿದ ದಿನವೇ ಆಸ್ಪತ್ರೆಯ ವರಾಂಡದಲ್ಲಿ ಬೆಂಚಿನ ಮೇಲೆ ಕೂತು ಈಶ್ವರಯ್ಯ ಒಂದು ಮಾತು ಕೇಳಿದರು. "ಅವಳದ್ದು?"

"ಇಳ್ಯೋದು ನಿಂತೈತೆ ಯಜಮಾನ್ರೆ. ಊರ್ತಾ ಐತೆ. ಎಳೆ ಬಾವಿ, ತುಂಬ್ಕತದೆ."

"ನಂದು? ಎಷ್ಟಿದೆ, ಹೇಳಿಬಿಡು. ಹೆದರಿಕೆ ಇಲ್ಲ ಈಗ."

ಯಮುನಾಗೆ ಗೊತ್ತಿತ್ತು. ಅಜ್ಜಿಯ ಕಟ್ಟಳೆಯೂ ಗೊತ್ತಿತ್ತು. "ಮಾಗೀಲಿ ಬಡಗಣ ಅಟ್ಟ ಇಳಿಸ್ತೀವಿ" ಅಂದಳು. "ನೀವೇ ಬಂದು ನಿಂತ್ಕಂಡು ಇಳಿಸ್ರಿ. ಈ ಸಲದ್ದು ಬಲು ಚೆಂದಾಗಿ ಬಂದೈತೆ."

ಮಾಗಿ ಬಂತು, ಅವರೂ ಬಂದರು. ಬಿಸಿಲು ಚುರುಕಾಗೋ ಹೊತ್ತಿಗೆ ಬಿಳಿ ಕಾರು ನಿಂತಿತು, ಓಡಿಸಿಕೊಂಡು ಬಂದವಳು ನಿಧಿ. ಪಕ್ಕದ ಸೀಟಿನಲ್ಲಿ ಲಕ್ಕಯ್ಯ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಕೂತಿದ್ದ. "ಕಲಿಸ್ದೋನು ಅವನೇ, ಹೆದರೋನೂ ಅವನೇ" ಅಂದಳು ಹುಡುಗಿ. ಕೆನ್ನೆಗೆ ಬಣ್ಣ ಬಂದಿತ್ತು, ತೋಳಿಲ್ಲದ ಅಂಗಿ ತೊಟ್ಟಿದ್ದಳು.

ಈಶ್ವರಯ್ಯನವರ ಕೂದಲು ಈಗ ಅಪ್ಪಟ ಬಿಳಿ. ಕೋಲು ಊರಿಕೊಂಡು ಅಟ್ಟದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು.

"ನೀವು ಕೈಯಾಡ್ಸ್ತೀರಾ ಯಜಮಾನ್ರೆ, ಇಲ್ಲಾ ಬರೀ ಮೇಸ್ತ್ರಿಕೆನಾ?" ಅಂದಳು ಪುಟ್ಟತಾಯಮ್ಮ.

"ನಿಂಗಿಂತ ಮೊದಲು ಈ ಗೋಡೌನಿಗೆ ಬಂದೋನಮ್ಮ ನಾನು" ಅಂದರು ಅವರು, ಮತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಈ ಅಟ್ಟದ ಮೇಲೆ, ಕಾಯಿ ಅಲ್ಲಾಡಿಸಿ ಕೇಳೋ ನನ್ನ ಕಿವಿಗಿಂತ ದೊಡ್ಡದು ಇಲ್ಲ ಅಂದ್ಕೊಂಡಿದ್ದೆ. ಇದೆ. ಕಲ್ಲಮ್ಮನ ಮೊಮ್ಮಗಳ ಕೈ ಇದೆ. ನಾನಿದ್ರೂ ಇಲ್ದಿದ್ರೂ ಈ ಗೋಡೌನಲ್ಲಿ ಕಾಯಿ ಆಯ್ತು ಅಂತ ಹೇಳೋಳು ಇವಳೇ. ನಿಧಿಗೂ ಹೇಳಿದೀನಿ."

ಹನ್ನೊಂದು ಜನ ಹೆಂಗಸರ ನಡುವೆ ಯಮುನಾ ತಲೆ ತಗ್ಗಿಸಲಿಲ್ಲ. ಮಲ್ಲಿಪಟ್ಟಣದ ಆ ಓದದ ಮುದುಕಿ ಎಲ್ಲೋ ಇದ್ದು ಕೇಳಿಸಿಕೊಂಡಿರಲಿ ಅಂತ ನೆಟ್ಟಗೆ ನಿಂತಳು.

ಈಶ್ವರಯ್ಯ ಅವಳ ಕಡೆ ಕೈ ಚಾಚಿದರು, ಅಂಗೈ ಮೇಲೆ ಮಾಡಿ. ಅವರೇನು ಕೇಳುತ್ತಿದ್ದಾರೆ ಅಂತ ಅವಳಿಗೆ ತಿಳಿಯಿತು. ಕೈ ಹಿಡಿಯಲಿಲ್ಲ. ಪಕ್ಕದ ರಾಶಿಯಿಂದ ಒಂದು ಕಾಯಿ ತೆಗೆದು ಆ ಅಂಗೈ ಮೇಲಿಟ್ಟಳು.

ಅವರು ಅವಳ ಮುಖ ನೋಡಿದರು. ನಿಧಾನಕ್ಕೆ ಕಾಯಿ ಕಿವಿಯ ಹತ್ತಿರ ತಂದು, ಕಣ್ಣು ಮುಚ್ಚಿ, ಒಂದು ಸಲ ಅಲ್ಲಾಡಿಸಿದರು. ಇನ್ನೊಂದು ಸಲ.

"ಇನ್ನೂ ಇದೆ" ಅಂದರು. "ಸ್ವಲ್ಪ ಇದೆ."

ಯಮುನಾ ಆ ಕಾಯಿಯ ಮೇಲೆ ಅಂಗೈ ಇಟ್ಟು ನೋಡಿದಳು. "ಯಜಮಾನ್ರು ಸರ್ಯಾಗೇ ಏಳುದ್ರು ಕಣ್ರೇ" ಅಂತ ಮೇಲಿನವರಿಗೆ ಕೂಗಿ ಹೇಳಿ, ಕಾಯಿಯನ್ನು ಅವರ ಕೈಯಿಂದ ತೆಗೆದುಕೊಂಡು ಏಣಿ ಹತ್ತಿ, ತಿರುಗಿ ಅಟ್ಟದ ಮೇಲೆ ಇಟ್ಟು ಬಂದಳು.